ಕತ್ತಲನ್ನು ಉಳಿಸಿಕೊಳ್ಳಿ: ಹಳೆಯ ಫಿಲ್ಮ್ ನ್ವಾರ್ ಚಿತ್ರಗಳನ್ನು ಸರಿಪಡಿಸಿ ಇಂದಿನವರಿಗೆ ತೋರಿಸುವ ಬಗೆ

1945ರ ‘ಡಿಟೂರ್’ ಚಿತ್ರದ ಶುರುವಿನಲ್ಲೇ ಒಂದು ದೃಶ್ಯ ಬರುತ್ತದೆ. ರಸ್ತೆ ಬದಿಯ ಹೋಟೆಲಿನಲ್ಲಿ ಒಬ್ಬ ದಣಿದ ಮನುಷ್ಯ ಕಾಫಿ ಕಪ್ಪಿನ ಮುಂದೆ ಕೂತಿದ್ದಾನೆ. ಯಾರೋ ಜೂಕ್‌ಬಾಕ್ಸಿಗೆ ಕಾಸು ಹಾಕುತ್ತಾರೆ, ಒಂದು ಹಾಡು ಶುರುವಾಗುತ್ತದೆ. ಕ್ಯಾಮೆರಾ ಅವನ ಮುಖದ ಹತ್ತಿರ ಹೋಗುತ್ತದೆ. ಸುತ್ತಲಿನ ಬೆಳಕು ಇಳಿಯುತ್ತದೆ. ಕೊನೆಗೆ ಅವನ ಕಣ್ಣುಗಳ ಮೇಲೆ ಒಂದು ಸಣ್ಣ ಪಟ್ಟಿಯಷ್ಟು ಬೆಳಕು ಮಾತ್ರ ಉಳಿಯುತ್ತದೆ. ಅಲ್ಲಿಂದ ಅವನು ತನ್ನ ಕಥೆ ಹೇಳಲು ತೊಡಗುತ್ತಾನೆ.

ನಾನು ಇದನ್ನು ಮೊದಲು ನೋಡಿದ್ದು ಒಂದು ಅಗ್ಗದ ಡಿವಿಡಿಯಲ್ಲಿ. ಅದರಲ್ಲಿ ಎಲ್ಲವೂ ಬೂದಿ ಬಣ್ಣ. ಗೋಡೆ, ಮುಖ, ಕಾಫಿ ಕಪ್, ಎಲ್ಲಾ ಒಂದೇ. ಆ ಬೆಳಕಿನ ಪಟ್ಟಿ ಇದೆ ಅಂತ ಗೊತ್ತೇ ಆಗಲಿಲ್ಲ. ವರ್ಷಗಳ ನಂತರ 2018ರಲ್ಲಿ ಸರಿಪಡಿಸಿದ ಪ್ರತಿ ನೋಡಿದಾಗ ಎದೆ ಜುಮ್ಮೆಂದಿತು. ಕತ್ತಲು ಕತ್ತಲಾಗಿದ್ದರೆ ಮಾತ್ರ ಆ ಬೆಳಕಿಗೆ ಅರ್ಥ.

ಈ ಬರಹ ಎರಡು ಥರದವರಿಗೆ. ಚಿತ್ರ ಸರಿಪಡಿಸುವ ಕೆಲಸ, ಅಂದರೆ ರೆಸ್ಟೊರೇಶನ್, ಕಲಿಯಬೇಕು ಅನ್ನುವವರಿಗೆ. ಮತ್ತೆ ತಮ್ಮ ಊರಿನ ಫಿಲ್ಮ್ ಸೊಸೈಟಿಯಲ್ಲೋ ಕಾಲೇಜಿನಲ್ಲೋ ಇಂಥ ಚಿತ್ರ ತೋರಿಸಬೇಕು ಅನ್ನುವವರಿಗೆ. ಇಡೀ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಆದರೆ ಒಬ್ಬೊಬ್ಬರೂ ಇಡೀ ದಾರಿಯನ್ನು ತಿಳಿದಿರಬೇಕು. ಪ್ರತಿ ಹಂತದಲ್ಲೂ ಯಾರಾದರೂ ಒಬ್ಬರಿಗೆ “ಸ್ವಲ್ಪ ಬೆಳಕು ಜಾಸ್ತಿ ಮಾಡೋಣ” ಅನ್ನಿಸುತ್ತದೆ. ಅದನ್ನು ತಡೆಯುವುದೇ ಈ ಕೆಲಸದ ಅರ್ಧ ಭಾಗ.

ಹಂತ 1: ಯಾವ ಚಿತ್ರ, ಯಾವ ಪಾಠ

ಫಿಲ್ಮ್ ನ್ವಾರ್ ಅಂದರೆ ಮುಖ್ಯವಾಗಿ 1940, 50ರ ದಶಕಗಳ ಅಮೆರಿಕದ, ನೆರಳು ತುಂಬಿದ ಅಪರಾಧ ಕಥೆಗಳ ಚಿತ್ರಗಳು. ಈ ಹೆಸರನ್ನು ಅಮೆರಿಕದವರು ಇಟ್ಟುಕೊಂಡಿದ್ದಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕದ ಚಿತ್ರಗಳು ಒಟ್ಟೊಟ್ಟಿಗೆ ಪ್ಯಾರಿಸ್ಸಿಗೆ ಬಂದವು. 1946ರಲ್ಲಿ ಅವುಗಳಲ್ಲಿ ಕೆಲವನ್ನು ಫ್ರೆಂಚ್ ವಿಮರ್ಶಕ ನೀನೋ ಫ್ರಾಂಕ್ ಹೀಗೆ ಕರೆದರು. ‘ಕಪ್ಪು ಚಿತ್ರ’ ಅಂತ ಅರ್ಥ. ಅಂದರೆ ಕತ್ತಲು ಇದರ ಹೆಸರಿನಲ್ಲೇ ಇದೆ.

ಕೆಲಸ ಶುರು ಮಾಡುವ ಮೊದಲು ಚಿತ್ರದ ಯಾವ ಪಾಠವನ್ನು, ಅಂದರೆ ಯಾವ ಆವೃತ್ತಿಯನ್ನು, ಉಳಿಸುತ್ತೀರಿ ಅಂತ ತೀರ್ಮಾನಿಸಿ. ಆರ್ಸನ್ ವೆಲ್ಸ್‌ರ 1958ರ ‘ಟಚ್ ಆಫ್ ಈವಿಲ್’ ಚಿತ್ರಕ್ಕೆ ಮೂರು ಪಾಠಗಳಿವೆ. ಸ್ಟುಡಿಯೋ ತನಗೆ ಬೇಕಾದಂತೆ ಕತ್ತರಿಸಿದಾಗ ವೆಲ್ಸ್ 58 ಪುಟಗಳ ಟಿಪ್ಪಣಿ ಬರೆದು ಕೊಟ್ಟಿದ್ದರು. ಆಗ ಅದನ್ನು ಪೂರ್ತಿಯಾಗಿ ಪಾಲಿಸಲಿಲ್ಲ. 1998ರಲ್ಲಿ ಸಂಕಲನಕಾರ ವಾಲ್ಟರ್ ಮರ್ಚ್ ಆ ಟಿಪ್ಪಣಿಯನ್ನು ಮುಂದಿಟ್ಟುಕೊಂಡು ಚಿತ್ರವನ್ನು ಮತ್ತೆ ಜೋಡಿಸಿದರು. ಮೊದಲ ಉದ್ದನೆಯ ಶಾಟಿನ ಮೇಲಿದ್ದ ಹೆಸರುಗಳನ್ನು ತೆಗೆದರು. ಹಿನ್ನೆಲೆ ಸಂಗೀತದ ಬದಲು ಬೀದಿಯ ಅಂಗಡಿಗಳಿಂದ, ಕಾರಿನ ರೇಡಿಯೋದಿಂದ ಬರುವ ಹಾಡುಗಳೇ ಕೇಳುವಂತೆ ಮಾಡಿದರು. ನನಗೆ ಇಷ್ಟವಾಗುವುದು ಈ ಪಾಠವೇ. ಆದರೂ 1958ರಲ್ಲಿ ಜನ ನೋಡಿದ್ದು ಬೇರೆ ಚಿತ್ರ ಅನ್ನುವುದನ್ನು ಮರೆಯಬಾರದು. ಮೂರನ್ನೂ ಉಳಿಸಬೇಕು, ಯಾವುದನ್ನು ತೋರಿಸುತ್ತಿದ್ದೇವೆ ಅಂತ ಪ್ರೇಕ್ಷಕರಿಗೆ ಹೇಳಬೇಕು.

ಹಂತ 2: ಒಳ್ಳೆಯ ಕಾಪಿ ಹುಡುಕುವುದು

ಸಿಕ್ಕಿದ ಮೊದಲ ಕಾಪಿಯಲ್ಲೇ ಕೆಲಸ ಶುರು ಮಾಡಬೇಡಿ. ಕ್ಯಾಮೆರಾದಲ್ಲಿ ಓಡಿದ ಮೂಲ ನೆಗೆಟಿವ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಆಮೇಲೆ ಅದರಿಂದ ನೇರವಾಗಿ ತೆಗೆದ ಫೈನ್ ಗ್ರೇನ್ ಪಾಸಿಟಿವ್. ಆಮೇಲೆ ಆ ಪಾಸಿಟಿವ್‌ನಿಂದ ಮತ್ತೆ ಮಾಡಿದ ಡ್ಯೂಪ್ ನೆಗೆಟಿವ್. ಕೊನೆಗೆ ಟಾಕೀಸಿನಲ್ಲಿ ಓಡಿದ ಪ್ರಿಂಟ್. ಒಂದೊಂದು ಸಲ ಕಾಪಿ ಮಾಡಿದಾಗಲೂ ಕಪ್ಪು ಬಿಳಿಯ ನಡುವಿನ ಛಾಯೆಗಳು ಕಳೆದುಹೋಗುತ್ತವೆ.

ದೊಡ್ಡ ಸ್ಟುಡಿಯೋಗಳ ಚಿತ್ರಗಳಿಗೆ ಗೋದಾಮುಗಳಿದ್ದವು. ಸಣ್ಣ ಕಂಪನಿಗಳ ಚಿತ್ರಗಳಿಗೆ ದಿಕ್ಕಿರಲಿಲ್ಲ. ‘ಡಿಟೂರ್’ ಮಾಡಿದ್ದು ಪಿಆರ್‌ಸಿ ಅನ್ನುವ ಬಡ ಕಂಪನಿ, ನಿರ್ದೇಶಕ ಎಡ್ಗರ್ ಉಲ್ಮರ್. ಚಿತ್ರದ ಕಾಪಿರೈಟ್ ನವೀಕರಣ ಆಗದೆ ಅದು ಅಮೆರಿಕದಲ್ಲಿ ಯಾರ ಸೊತ್ತೂ ಅಲ್ಲದಂತಾಯಿತು. ಯಾರು ಬೇಕಾದರೂ ಸವೆದ ಪ್ರಿಂಟಿನಿಂದ ಇನ್ನೊಂದು ಕಾಪಿ ಮಾಡಿ ಮಾರಿದರು. ಅಕಾಡೆಮಿ ಫಿಲ್ಮ್ ಆರ್ಕೈವ್ ಮತ್ತು ಫಿಲ್ಮ್ ಫೌಂಡೇಶನ್ ಸೇರಿ ಇದನ್ನು ಸರಿಪಡಿಸಲು ಹೊರಟಾಗ ಒಳ್ಳೆಯ ಪ್ರಿಂಟ್ ಸಿಕ್ಕಿದ್ದು ಬೆಲ್ಜಿಯಂನ ಆರ್ಕೈವಿನಲ್ಲಿ. ಅದರ ಮೇಲೆ ಫ್ರೆಂಚ್ ಮತ್ತು ಫ್ಲೆಮಿಷ್ ಸಬ್‌ಟೈಟಲ್‌ಗಳು ಅಳಿಸಲಾಗದಂತೆ ಅಚ್ಚಾಗಿದ್ದವು. ಅವನ್ನು ಕಂಪ್ಯೂಟರಿನಲ್ಲಿ ಕಿತ್ತು ತೆಗೆಯಬೇಕಾಯಿತು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದ್ದ ಇನ್ನೊಂದು ಪ್ರತಿಯೂ ಕೈಹಿಡಿಯಿತು.

ಎಡ್ಡಿ ಮುಲ್ಲರ್ ಕಟ್ಟಿದ ಫಿಲ್ಮ್ ನ್ವಾರ್ ಫೌಂಡೇಶನ್ ಕೂಡ ಇದೇ ಥರ ಪರದೇಶಗಳಲ್ಲಿ ಹುಡುಕುತ್ತದೆ. 1949ರ ‘ಟೂ ಲೇಟ್ ಫಾರ್ ಟಿಯರ್ಸ್’ ಚಿತ್ರಕ್ಕೆ ಅವರಿಗೆ ಆಧಾರವಾಗಿದ್ದು ಫ್ರಾನ್ಸಿನಲ್ಲಿ ಸಿಕ್ಕ ಡ್ಯೂಪ್ ನೆಗೆಟಿವ್. ಆದ್ದರಿಂದ ಚಿತ್ರ ಬೇರೆ ದೇಶದಲ್ಲಿ ಯಾವ ಹೆಸರಲ್ಲಿ ಬಿಡುಗಡೆಯಾಗಿತ್ತು ಅನ್ನುವುದನ್ನೂ ಬರೆದಿಟ್ಟುಕೊಂಡು ಆರ್ಕೈವ್‌ಗಳಿಗೆ ಕೇಳಿ. ಮೂಲ ಹೆಸರಿನಲ್ಲಿ ಕೇಳಿದರೆ “ಇಲ್ಲ” ಅಂತ ಉತ್ತರ ಬರಬಹುದು. ಡಬ್ಬಿ ಮಾತ್ರ ಅದೇ ಕಪಾಟಿನಲ್ಲಿ ಬೇರೆ ಹೆಸರಲ್ಲಿ ಕೂತಿರುತ್ತದೆ.

ಹಂತ 3: ಡಬ್ಬಿ ತೆರೆದಾಗ

ಮೊದಲು ಮೂಗು, ಆಮೇಲೆ ಕಣ್ಣು. ಡಬ್ಬಿ ತೆರೆದ ಕೂಡಲೇ ವಿನೆಗರಿನ ಹುಳಿ ವಾಸನೆ ಬಂದರೆ ಅದು ಅಸಿಟೇಟ್ ಫಿಲ್ಮ್, ಕೊಳೆಯಲು ಶುರುವಾಗಿದೆ. ಅದನ್ನು ಬೇರೆ ರೀಲುಗಳಿಂದ ದೂರ ಇಡಿ. ಎಷ್ಟು ಕೆಟ್ಟಿದೆ ಅಂತ ತಿಳಿಯಲು ಎ-ಡಿ ಸ್ಟ್ರಿಪ್ ಅನ್ನುವ ಪಟ್ಟಿಗಳು ಸಿಗುತ್ತವೆ. ಡಬ್ಬಿಯೊಳಗೆ ಇಟ್ಟು ಮುಚ್ಚಿದರೆ ಆಮ್ಲ ಜಾಸ್ತಿ ಇದ್ದಷ್ಟೂ ಪಟ್ಟಿ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುತ್ತದೆ.

1950ರ ದಶಕದ ಶುರುವಿಗಿಂತ ಹಿಂದಿನ 35 ಎಂಎಂ ಫಿಲ್ಮ್ ಆದರೆ ಅಂಚಿನಲ್ಲಿ ‘ನೈಟ್ರೇಟ್’ ಅಂತ ಇದೆಯಾ ಅಂತ ನೋಡಿ. ನೈಟ್ರೇಟ್ ಅಂದರೆ ಬೆಂಕಿ. ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಕೊರಿಯರಿನಲ್ಲಿ ಕಳಿಸಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನೋ ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ನನ್ನೋ ಮೊದಲು ಕೇಳಿ. ಫಿಲ್ಮ್ ಹೆರಿಟೇಜ್ ಫೌಂಡೇಶನ್ 2015ರಿಂದ ಸಂರಕ್ಷಣೆಯ ಕಾರ್ಯಾಗಾರಗಳನ್ನೂ ನಡೆಸುತ್ತಿದೆ. ಕೈಯಲ್ಲಿ ರೀಲು ಹಿಡಿದು ಕಲಿಯಬೇಕೆನ್ನುವವರು ಅಲ್ಲಿಗೆ ಅರ್ಜಿ ಹಾಕಿ.

ಆಮೇಲೆ ಕೈಯಿಂದ ತಿರುಗಿಸುವ ರಿವೈಂಡರ್ ಮೇಲೆ ಇಡೀ ರೀಲನ್ನು ನಿಧಾನವಾಗಿ ನೋಡುತ್ತಾ ಹೋಗಿ. ಹತ್ತಿಯ ಗ್ಲೌಸ್ ಹಾಕಿ, ಅಂಚು ಮಾತ್ರ ಹಿಡಿಯಿರಿ. ಹರಿದ ರಂಧ್ರ, ಹಳೆಯ ಜಾಯಿಂಟ್, ಕಾಣೆಯಾದ ಫ್ರೇಮ್, ಗೀರು, ಎಲ್ಲವನ್ನೂ ಅಡಿ ಲೆಕ್ಕದಲ್ಲಿ ಬರೆಯಿರಿ. 35 ಎಂಎಂನಲ್ಲಿ ಒಂದು ಅಡಿಗೆ 16 ಫ್ರೇಮ್, ನಿಮಿಷಕ್ಕೆ 90 ಅಡಿ. ಫಿಲ್ಮ್ ಶೇ. 1ರ ಹತ್ತಿರ ಕುಗ್ಗಿದ್ದರೆ ಅದನ್ನು ಪ್ರೊಜೆಕ್ಟರಿಗೆ ಹಾಕಲೇಬೇಡಿ. ಇಷ್ಟೆಲ್ಲಾ ಬೇಜಾರಿನ ಕೆಲಸ ಅನ್ನಿಸಬಹುದು. ಆದರೆ ಇಲ್ಲಿ ಬರೆದಿಟ್ಟ ಒಂದೊಂದು ಸಾಲೂ ಮುಂದೆ ಒಂದೊಂದು ದಿನ ಉಳಿಸುತ್ತದೆ.

ಹಂತ 4: ಸ್ಕ್ಯಾನ್

ಇದು ಲ್ಯಾಬಿನ ಕೆಲಸ. ನೀವು ಕೇಳಬೇಕಾದ್ದು ಮೂರು. 4ಕೆ ಸ್ಕ್ಯಾನ್ (ಫ್ರೇಮಿನ ಅಗಲಕ್ಕೆ ಸುಮಾರು 4,000 ಚುಕ್ಕೆ) ಇರಲಿ, ಛಾಯೆಗಳ ಸೂಕ್ಷ್ಮತೆ 10 ಬಿಟ್ ಲಾಗ್ ಅಥವಾ ಅದಕ್ಕಿಂತ ಹೆಚ್ಚಿರಲಿ, ಫೈಲ್ ಡಿಪಿಎಕ್ಸ್ ಅನ್ನುವ ರೂಪದಲ್ಲಿ ಫ್ರೇಮ್ ಫ್ರೇಮಾಗಿ ಬರಲಿ. ಗೀರು ಜಾಸ್ತಿ ಇದ್ದರೆ ವೆಟ್ ಗೇಟ್ ಇದೆಯಾ ಅಂತ ಕೇಳಿ. ಅದರಲ್ಲಿ ಫಿಲ್ಮ್ ಒಂದು ದ್ರವದೊಳಗೆ ಹಾದುಹೋಗುತ್ತದೆ. ಆ ದ್ರವ ಗೀರಿನೊಳಗೆ ತುಂಬಿಕೊಂಡು ಬೆಳಕು ಚೆದುರದಂತೆ ಮಾಡುತ್ತದೆ, ಗೀರು ಕಾಣುವುದೇ ಇಲ್ಲ. ಕಂಪ್ಯೂಟರಿನಲ್ಲಿ ಗೀರು ಅಳಿಸುವುದಕ್ಕಿಂತ ಇದು ಎಷ್ಟೋ ಪಾಲು ಪ್ರಾಮಾಣಿಕ ದಾರಿ.

ಜಾಗದ ಲೆಕ್ಕವನ್ನು ಮೊದಲೇ ಹಾಕಿ. ‘ಡಿಟೂರ್’ ಬರೀ 68 ನಿಮಿಷದ ಚಿತ್ರ. ಸೆಕೆಂಡಿಗೆ 24 ಫ್ರೇಮ್ ಅಂದರೆ ಸುಮಾರು 98,000 ಫ್ರೇಮ್. ಪೂರ್ತಿ 4ಕೆ ಡಿಪಿಎಕ್ಸ್ ಫ್ರೇಮ್ ಒಂದಕ್ಕೆ ಸುಮಾರು 51 ಎಂಬಿ. ಒಟ್ಟು 5 ಟೆರಾಬೈಟ್. ಇದರ ಇನ್ನೊಂದು ಪ್ರತಿ, ಕಂಪ್ಯೂಟರ್ ಫೈಲುಗಳನ್ನು ಬಹುಕಾಲ ಕೂಡಿಡುವ ಎಲ್‌ಟಿಒ ಟೇಪಿನಲ್ಲಿ, ಬೇರೆ ಊರಿನಲ್ಲಿ ಇರಬೇಕು. ಮೂಲ ಫಿಲ್ಮನ್ನು ಮಾತ್ರ ಎಸೆಯಬೇಡಿ. ಮುಂದೆ ಇದಕ್ಕಿಂತ ಒಳ್ಳೆಯ ಸ್ಕ್ಯಾನರ್ ಬಂದೇ ಬರುತ್ತದೆ.

ಹಂತ 5: ಕಸ ತೆಗೆಯುವಾಗ ಮಳೆ ತೆಗೆಯಬೇಡಿ

ನ್ವಾರ್ ಚಿತ್ರಗಳಿಗೆ ಅತಿ ಹೆಚ್ಚು ಹಾನಿ ಆಗುವುದು ಇಲ್ಲಿ. ಧೂಳು ಗೀರು ತೆಗೆಯುವ ಸಾಫ್ಟ್‌ವೇರ್ ಒಂದೇ ಉಪಾಯ ಬಳಸುತ್ತದೆ. ಹಿಂದಿನ ಫ್ರೇಮಿನಲ್ಲಿ ಇಲ್ಲದ, ಮುಂದಿನದರಲ್ಲೂ ಇಲ್ಲದ, ಈ ಫ್ರೇಮಿನಲ್ಲಿ ಮಾತ್ರ ಇರುವ ಚುಕ್ಕೆಯನ್ನು ಕಸ ಅಂತ ತಿಳಿಯುತ್ತದೆ. ಈಗ ಯೋಚಿಸಿ. ಬೀದಿ ದೀಪದ ಕೆಳಗೆ ಬೀಳುವ ಮಳೆ ಹನಿ ಹಾಗೇ ಅಲ್ವಾ? ಸಿಗರೇಟಿನ ಕಿಡಿ? ನೈಟ್ ಕ್ಲಬ್ಬಿನಲ್ಲಿ ಹಾಡುವವಳ ಉಡುಪಿನ ಮಿಂಚು? ಪಿಸ್ತೂಲಿನ ಬೆಂಕಿ? ಎಲ್ಲವನ್ನೂ ಅದು ಧೂಳು ಅಂತ ಗುಡಿಸಿ ಹಾಕುತ್ತದೆ.

ಹಾಗಾಗಿ ಹೀಗೆ ಮಾಡಿ. ಚಿತ್ರವನ್ನು ಶಾಟ್ ಶಾಟಾಗಿ ಭಾಗ ಮಾಡಿಕೊಳ್ಳಿ. ಮಳೆ, ಹೊಗೆ, ಮಂಜು, ವೆನಿಷಿಯನ್ ಬ್ಲೈಂಡ್ (ಪಟ್ಟಿ ಪಟ್ಟಿಯ ಕಿಟಕಿ ಪರದೆ) ಇರುವ ಶಾಟ್‌ಗಳನ್ನು ಮೊದಲೇ ಗುರುತಿಸಿ ಅಲ್ಲಿ ಆಟೊಮ್ಯಾಟಿಕ್ ಸೌಲಭ್ಯವನ್ನು ಆಫ್ ಮಾಡಿ. ಅವನ್ನು ಕೈಯಿಂದಲೇ, ಒಂದೊಂದು ಫ್ರೇಮಾಗಿ ಸರಿಪಡಿಸಿ. ಉಳಿದ ಶಾಟ್‌ಗಳಲ್ಲೂ ಸಾಫ್ಟ್‌ವೇರ್ ಏನನ್ನು ತೆಗೆದಿದೆ ಅಂತ ತೋರಿಸುವ ಪಟ್ಟಿಯನ್ನು ಕಣ್ಣಾರೆ ನೋಡಿ ಒಪ್ಪಿಗೆ ಕೊಡಿ.

ಗ್ರೇನ್ ಮುಟ್ಟಬೇಡಿ. ಗ್ರೇನ್ ಕೊಳೆಯಲ್ಲ, ಚಿತ್ರ ಇರುವುದೇ ಆ ಬೆಳ್ಳಿಯ ಕಣಗಳಲ್ಲಿ. ಅದನ್ನು ತೆಗೆದರೆ ಮುಖಗಳು ಮೇಣದ ಗೊಂಬೆ ಆಗುತ್ತವೆ. ‘ಡಿಟೂರ್’ನಲ್ಲಿ ನಾಯಕ ನಾಯಕಿ ನ್ಯೂಯಾರ್ಕಿನ ಮಂಜಿನಲ್ಲಿ ನಡೆಯುವ ದೃಶ್ಯ ಇದೆ. ಬೀದಿಯ ಸೆಟ್ ಹಾಕಲು ದುಡ್ಡಿಲ್ಲದ್ದನ್ನು ಆ ಮಂಜೇ ಮುಚ್ಚಿತು. ಅಂಥ ಮಂಜಿನಿಂದ ಗ್ರೇನ್ ತೆಗೆದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತದೆ.

ಇದೇ ಚಿತ್ರದ ಇನ್ನೊಂದು ವಿಷಯ ಈ ಕೆಲಸಕ್ಕೆ ದೊಡ್ಡ ಪಾಠ. ನಾಯಕ ಲಿಫ್ಟ್ ಕೇಳುತ್ತಾ ನ್ಯೂಯಾರ್ಕಿನಿಂದ ಪಶ್ಚಿಮಕ್ಕೆ ಹೊರಡುತ್ತಾನೆ. ಪಯಣದ ದಿಕ್ಕು ಪರದೆಯ ಮೇಲೆ ಬಲದಿಂದ ಎಡಕ್ಕೇ ಇರಲಿ ಅಂತ ಕೆಲವು ಶಾಟ್‌ಗಳನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಜೋಡಿಸಿದ್ದಾರೆ. ಅದರಿಂದ ಕಾರುಗಳು ರಸ್ತೆಯ ತಪ್ಪು ಬದಿಯಲ್ಲಿ ಓಡುತ್ತವೆ, ಸ್ಟಿಯರಿಂಗ್ ತಪ್ಪು ಬದಿಯಲ್ಲಿದೆ. ಒಂದು ಕ್ಲಿಕ್ಕಿನಲ್ಲಿ ಇದನ್ನು ‘ಸರಿ’ ಮಾಡಬಹುದು. ಮಾಡಬಾರದು. ಕಾಲ ಮಾಡಿದ ಗಾಯವನ್ನು ನಾವು ಮುಚ್ಚಬಹುದು, ಚಿತ್ರ ಮಾಡಿದವರು ಬಿಟ್ಟದ್ದನ್ನು ಮುಟ್ಟುವ ಹಕ್ಕು ನಮಗಿಲ್ಲ. ಕಾರಿನ ಕಿಟಕಿಯ ಹಿಂದೆ ಪರದೆಯ ಮೇಲೆ ಓಡಿಸಿದ ರಸ್ತೆ ಮಸುಕಾಗಿದ್ದರೆ ಮಸುಕಾಗಿಯೇ ಇರಲಿ. ಒಂದು ದೃಶ್ಯ ಕರಗಿ ಇನ್ನೊಂದಕ್ಕೆ ಹೋಗುವ ಕಡೆ ಗ್ರೇನ್ ಜಾಸ್ತಿ ಕಾಣುತ್ತದೆ. ಅದೂ ಹುಟ್ಟಿನಿಂದ ಬಂದದ್ದು.

ರೀಲು ಬದಲಿಸಲು ಬಲ ಮೂಲೆಯಲ್ಲಿ ಬರುವ ದುಂಡು ಗುರುತುಗಳ ಬಗ್ಗೆ ಎರಡು ಅಭಿಪ್ರಾಯ ಇದೆ. ಅಚ್ಚುಕಟ್ಟಾಗಿ ಅಚ್ಚಾದವನ್ನು ನಾನು ಉಳಿಸುತ್ತೇನೆ. ಯಾರೋ ಆಪರೇಟರ್ ಮೊಳೆಯಲ್ಲಿ ಕೆರೆದದ್ದನ್ನು ತೆಗೆಯುತ್ತೇನೆ.

ಹಂತ 6: ಗ್ರೇಡಿಂಗ್, ಅಂದರೆ ಕತ್ತಲನ್ನು ತೂಗುವುದು

ಕೋಣೆಯನ್ನು ಪೂರ್ತಿ ಕತ್ತಲೆ ಮಾಡಿ. ಮಾನಿಟರಿನ ಬದಲು ಪ್ರೊಜೆಕ್ಟರಿನಲ್ಲಿ ನೋಡಿ. ಟಾಕೀಸಿನ ಡಿಜಿಟಲ್ ಪರದೆಗೆ ಗೊತ್ತುಪಡಿಸಿದ ಬೆಳಕು 48 ನಿಟ್, ಗಾಮಾ (ಕಪ್ಪಿನಿಂದ ಬಿಳಿಗೆ ಛಾಯೆ ಏರುವ ಬಗೆ) 2.6. ಆ ಅಳತೆಯಲ್ಲೇ ಕೆಲಸ ಮಾಡಿ. ಮನೆಯ ಟಿವಿಗೆ ಬೇರೆ ಗ್ರೇಡಿಂಗ್ ಮಾಡಿ, ಒಂದನ್ನೇ ಎರಡಕ್ಕೂ ಬಳಸಬೇಡಿ.

ಆ ಕಾಲದ ಒಳ್ಳೆಯ ಪ್ರಿಂಟ್ ಎಲ್ಲಾದರೂ ಇದ್ದರೆ ಅದನ್ನು ನೋಡದೆ ಶುರು ಮಾಡಬೇಡಿ. ಇಡೀ ರೀಲು ಸಿಗದಿದ್ದರೂ ಒಂದೆರಡು ನಿಮಿಷ ಸಾಕು. ಕಣ್ಣಿಗೆ ಒಂದು ಅಳತೆ ಸಿಗುತ್ತದೆ.

ಸ್ಕ್ಯಾನಿನಲ್ಲಿ ನೆರಳೊಳಗಿನ ವಿವರಗಳೂ ಬಂದುಬಿಡುತ್ತವೆ. ಸೆಟ್ಟಿನ ಗೋಡೆಯ ಜೋಡಣೆ, ಮೂಲೆಯಲ್ಲಿ ನಿಂತ ಲೈಟ್ ಸ್ಟ್ಯಾಂಡು, ಎಲ್ಲವೂ. ಇದೆಯಲ್ಲಾ ಅಂತ ತೋರಿಸಲು ಹೋಗಬೇಡಿ. ಛಾಯಾಗ್ರಾಹಕರಿಗೆ ಪ್ರಿಂಟಿನಲ್ಲಿ ಅದು ಮುಳುಗಿಹೋಗುತ್ತದೆ ಅಂತ ಗೊತ್ತಿತ್ತು, ಅದನ್ನು ನಂಬಿಯೇ ಬೆಳಕು ಹಾಕಿದ್ದರು. ಹಾಗಂತ ಎಲ್ಲವನ್ನೂ ಮಸಿ ಬಳಿದಂತೆ ಕಪ್ಪು ಮಾಡುವುದೂ ತಪ್ಪು. ಕಪ್ಪು ಕೋಟು ತೊಟ್ಟವನು ಕಪ್ಪು ಗೋಡೆಗೆ ಒರಗಿದ್ದರೆ ಎರಡರ ನಡುವಿನ ಅಂಚು ಹುಡುಕಿದವರಿಗೆ ಸಿಗಬೇಕು. ನಾನು ಮಾಡುವ ಪರೀಕ್ಷೆ ಇದು: ಶಾಟ್ ನೋಡಿದಾಗ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಮುಖದ ಬದಲು ಹಿಂದಿನ ಗೋಡೆಗೆ ಹೋದರೆ ನೆರಳನ್ನು ಎತ್ತಿದ್ದು ಜಾಸ್ತಿಯಾಗಿದೆ.

ಎಚ್‌ಡಿಆರ್, ಅಂದರೆ ಬೆಳಕನ್ನು ಇನ್ನೂ ಪ್ರಖರವಾಗಿ ತೋರಿಸುವ ಪ್ರತಿ, ಮಾಡೋಣ ಅಂತ ಯಾರಾದರೂ ಹೇಳಿದರೆ ಹುಷಾರು. ಅದರಲ್ಲಿ ಬೀದಿ ದೀಪ ಕಣ್ಣು ಕುಕ್ಕುವಂತೆ ಉರಿಯುತ್ತದೆ. ಆಗ ನೆರಳಿನಲ್ಲಿ ನಿಂತವನು ಯಾರಿಗೂ ಕಾಣುವುದಿಲ್ಲ.

ಹಂತ 7: ಧ್ವನಿ

ಪ್ರಿಂಟಿನ ಅಂಚಿನಲ್ಲಿ ಧ್ವನಿ ಬೆಳಕಿನ ಗೆರೆಯಾಗಿ ಕೂತಿರುತ್ತದೆ, ಚಿತ್ರಕ್ಕಿಂತ 20 ಫ್ರೇಮ್ ಮುಂದೆ. ಸೇರಿಸುವಾಗ ಇದನ್ನು ಮರೆತರೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಚಟಪಟ ಸದ್ದು, ಜಾಯಿಂಟಿನ ಹೊಡೆತ ತೆಗೆಯಿರಿ. ಹಿಸ್ ಅನ್ನುವ ಸದ್ದನ್ನು ಪೂರ್ತಿ ತೆಗೆಯಬೇಡಿ, ಅದರ ಜೊತೆ ಕೋಣೆಯ ಗಾಳಿಯೂ ಹೋಗಿಬಿಡುತ್ತದೆ. ಆ ಕಾಲದ ಟಾಕೀಸುಗಳು ಎತ್ತರದ ಸ್ವರಗಳನ್ನು ತಗ್ಗಿಸಿಯೇ ಕೇಳಿಸುತ್ತಿದ್ದವು, ಅದಕ್ಕೆ ಹೊಂದುವಂತೆ ಸರಿಪಡಿಸಿ. ಧ್ವನಿ ಮಾನೋ ಆಗಿಯೇ ಇರಲಿ, ನಡುವಿನ ಸ್ಪೀಕರಿನಿಂದ ಮಾತ್ರ ಬರಲಿ.

ಹಂತ 8: ಡಿಸಿಪಿ, ಹಕ್ಕು, ಸರ್ಟಿಫಿಕೇಟ್

ಈ ಚಿತ್ರಗಳಲ್ಲಿ ಹೆಚ್ಚಿನವು 1.37 ಅಳತೆಯವು, ಅಂದರೆ ಹೆಚ್ಚುಕಡಿಮೆ ಚೌಕ. 2ಕೆ ಡಿಸಿಪಿಯಲ್ಲಿ, ಅಂದರೆ ಟಾಕೀಸಿನ ಡಿಜಿಟಲ್ ಪ್ರೊಜೆಕ್ಟರಿಗೆ ಕೊಡುವ ಫೈಲುಗಳ ಕಟ್ಟಿನಲ್ಲಿ, ಅದು 1480×1080 ಚುಕ್ಕೆ, ಎರಡೂ ಬದಿ ಕಪ್ಪು. ಸ್ವಂತ ಡಿಸಿಪಿ ಮಾಡಿಕೊಳ್ಳಲು ಡಿಸಿಪಿ-ಒ-ಮ್ಯಾಟಿಕ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ನಮ್ಮಂಥ ಸಣ್ಣ ಗುಂಪುಗಳಿಗೆ ಅದು ಧಾರಾಳ ಸಾಕು.

ಮೂಲ ಚಿತ್ರದ ಕಾಪಿರೈಟ್ ಮುಗಿದಿದ್ದರೂ ಸರಿಪಡಿಸಿದ ಪ್ರತಿ ಸುಮ್ನೆ ಸಿಗುವುದಿಲ್ಲ. ಅದನ್ನು ಇಟ್ಟುಕೊಂಡ ಸಂಸ್ಥೆಗೆ ಬರೆದು, ಬಾಡಿಗೆ ಕಟ್ಟಿ ತರಿಸಿ. ಆ ದುಡ್ಡಿನಿಂದಲೇ ಮುಂದಿನ ಚಿತ್ರ ಉಳಿಯುತ್ತದೆ. ಪ್ರತಿಗೆ ಬೀಗ ಇದ್ದರೆ ಕೆಡಿಎಂ ಅನ್ನುವ ಕೀಲಿ ಬರುತ್ತದೆ. ಅದು ಒಂದು ಸರ್ವರಿಗೆ, ಗೊತ್ತುಪಡಿಸಿದ ಅವಧಿಗೆ ಮಾತ್ರ. ರಿಹರ್ಸಲ್ ದಿನವೂ ಆ ಅವಧಿಯಲ್ಲಿ ಸೇರಲಿ ಅಂತ ಬರೆಯುವಾಗಲೇ ಹೇಳಿ. ನಮ್ಮಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ಚಿತ್ರೋತ್ಸವ ಆದರೆ ಅದರಿಂದ ವಿನಾಯಿತಿ ಪಡೆಯಬೇಕು. ಇದನ್ನು ಪೋಸ್ಟರ್ ಅಂಟಿಸುವ ಮೊದಲೇ ಮುಗಿಸಿಕೊಳ್ಳಿ.

ಹಂತ 9: ಕನ್ನಡ ಸಬ್‌ಟೈಟಲ್

ಈ ಚಿತ್ರಗಳ ಮಾತು ಬಹಳ ಚುರುಕು, ಬೀದಿ ಭಾಷೆ ಜಾಸ್ತಿ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಅರ್ಧ ತಪ್ಪುತ್ತದೆ. ಕನ್ನಡದಲ್ಲಿ ಸಬ್‌ಟೈಟಲ್ ಹಾಕಿದಾಗ ಸಭಾಂಗಣ ಒಟ್ಟಿಗೆ ಉಸಿರು ಬಿಗಿಹಿಡಿಯುವುದನ್ನು ನಾನು ನೋಡಿದ್ದೇನೆ. ಕಷ್ಟಪಟ್ಟಿದ್ದು ಸಾರ್ಥಕ ಅನ್ನಿಸುತ್ತದೆ.

ಅಚ್ಚ ಬಿಳಿ ಅಕ್ಷರ ಬೇಡ. ಕತ್ತಲ ದೃಶ್ಯದ ಕೆಳಗೆ ಅದು ಟ್ಯೂಬ್‌ಲೈಟಿನಂತೆ ಉರಿಯುತ್ತದೆ, ಕಣ್ಣಿನ ಪಾಪೆ ಕುಗ್ಗಿ ನೆರಳಿನಲ್ಲಿರುವುದು ಕಾಣದಾಗುತ್ತದೆ. ತಿಳಿ ಬೂದಿ ಬಣ್ಣ ಇಡಿ. ಎರಡು ಸಾಲಿಗಿಂತ ಹೆಚ್ಚು ಬೇಡ. ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ದೀರ್ಘ, ಕೊಂಬುಗಳಿಗೆ ತಾಗುತ್ತವೆ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರ ನಮಗೆ ಸಾಲದು, ಹೆಚ್ಚಿಸಿ.

ನೀನು, ನೀವು ವಿಷಯಕ್ಕೆ ಒಂದು ಇಡೀ ಸಂಜೆ ಕೊಡಿ. ಇಂಗ್ಲಿಷಿನಲ್ಲಿ ಆ ಭೇದ ಇಲ್ಲ. ನ್ವಾರ್ ಚಿತ್ರದಲ್ಲಿ ಯಾರ ಕೈ ಮೇಲಾಗಿದೆ ಅನ್ನುವುದೇ ಕಥೆ. ‘ಡಿಟೂರ್’ನಲ್ಲಿ ದಾರಿಯಲ್ಲಿ ಸಿಗುವ ವೆರಾ ಅನ್ನುವ ಹೆಂಗಸು ಕಾರು ಹತ್ತಿದ ಸ್ವಲ್ಪ ಹೊತ್ತಿಗೆ ನಾಯಕನನ್ನು ಏಕವಚನದಲ್ಲಿ ಝಾಡಿಸಿದರೆ ಸರಿಯಾಗಿ ಕೂರುತ್ತದೆ. ಅವನು ಅವಳಿಗೆ ಎಲ್ಲಿಯವರೆಗೆ ‘ನೀವು’ ಅನ್ನುತ್ತಾನೆ, ಯಾವ ಮಾತಿನಲ್ಲಿ ‘ನೀನು’ಗೆ ಇಳಿಯುತ್ತಾನೆ? ಇದನ್ನು ಇಬ್ಬರು ಮೂವರು ಕೂತು, ಚಿತ್ರವನ್ನು ಮತ್ತೆ ಮತ್ತೆ ಓಡಿಸಿ ತೀರ್ಮಾನಿಸಿ.

ಹಂತ 10: ಪ್ರದರ್ಶನದ ದಿನ

ಎರಡು ದಿನ ಮುಂಚೆ ಆಪರೇಟರ್ ಜೊತೆ ಕೂತು ಹತ್ತು ನಿಮಿಷ ಓಡಿಸಿ ನೋಡಿ. ಒಮ್ಮೆ ನಮ್ಮ ಪ್ರದರ್ಶನವೊಂದರಲ್ಲಿ ಪರದೆಯ ಎರಡೂ ಬದಿ ಖಾಲಿ ಇದೆ ಅಂತ ಚಿತ್ರವನ್ನು ಜೂಮ್ ಮಾಡಿ ಪರದೆ ತುಂಬಿಸಿಬಿಟ್ಟರು. ಎಲ್ಲರ ತಲೆ ಕತ್ತರಿಸಿ ಹೋಯಿತು. ಆ ಆಪರೇಟರ್ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು, ನಾವು ಯಾರೂ ಅವರಿಗೆ ಮೊದಲೇ ಹೇಳಿರಲಿಲ್ಲ. ಈಗ ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಕೊಡುತ್ತೇವೆ: ಚಿತ್ರ ಚೌಕವಾಗಿಯೇ ಇರಬೇಕು. ಬೆಳಕು ಹೆಚ್ಚಿಸಬಾರದು. ಧ್ವನಿ ನಡುವಿನಿಂದ ಮಾತ್ರ. ಕೊನೆಯ ಹೆಸರು ಹೋಗುವವರೆಗೆ ಲೈಟ್ ಹಾಕಬಾರದು.

ಪರದೆಯ ಎರಡೂ ಬದಿಯನ್ನು ಕಪ್ಪು ಬಟ್ಟೆಯಿಂದ ಮುಚ್ಚಿ. ಡಿಜಿಟಲ್ ಪ್ರೊಜೆಕ್ಟರಿನ ಕಪ್ಪು ನಿಜವಾದ ಕಪ್ಪಲ್ಲ, ಮಂಕು ಬೂದಿ. ಬಟ್ಟೆಯ ಕಪ್ಪು ಪಕ್ಕದಲ್ಲಿದ್ದರೆ ಚಿತ್ರದ ಅಂಚು ಖಡಕ್ಕಾಗಿ ನಿಲ್ಲುತ್ತದೆ. ಬಾಗಿಲ ಸಂದಿಗೂ ಬಟ್ಟೆ ಕಟ್ಟಿ. ಎಕ್ಸಿಟ್ ದೀಪ ಆರಿಸುವಂತಿಲ್ಲ, ಅದು ಸುರಕ್ಷತೆಗೆ ಬೇಕು. ಅದರ ಬೆಳಕು ಪರದೆಗೆ ನೇರವಾಗಿ ಬೀಳದಂತೆ ಒಂದು ಮರೆ ಮಾತ್ರ ಮಾಡಿ. ಕಪ್ಪು ಬಿಳುಪು ಚಿತ್ರಕ್ಕೆ ಹಸಿರು ಅಥವಾ ಗುಲಾಬಿ ಛಾಯೆ ಬರುತ್ತಿದ್ದರೆ ಪ್ರೊಜೆಕ್ಟರಿನ ಬಣ್ಣ ಸರಿಹೊಂದಿಸಿಲ್ಲ ಅಂತ ಅರ್ಥ. ಬಣ್ಣದ ಚಿತ್ರದಲ್ಲಿ ಇದು ಗೊತ್ತಾಗುವುದಿಲ್ಲ, ಇಲ್ಲಿ ಕೂಡಲೇ ಕಾಣುತ್ತದೆ.

ಮುನ್ನುಡಿ ಐದು ನಿಮಿಷ ಸಾಕು. ಕಥೆ ಹೇಳಬೇಡಿ. ಎರಡು ಸಂಗತಿ ಹೇಳಿ. ಒಂದು, ಈ ಬೆಳಕು ನೆರಳಿನ ರೀತಿ ಎಲ್ಲಿಂದ ಬಂತು ಅನ್ನುವುದು. ಬಿಲ್ಲಿ ವೈಲ್ಡರ್, ರಾಬರ್ಟ್ ಸಿಯೋಡ್‌ಮ್ಯಾಕ್‌ರಂಥ ನಿರ್ದೇಶಕರು ಹಿಟ್ಲರ್ ಕಾಲದಲ್ಲಿ ಜರ್ಮನಿ ಬಿಟ್ಟು ಬಂದವರು, ಅಲ್ಲಿನ ಚಿತ್ರಗಳ ರೀತಿ ಅವರ ಜೊತೆ ಬಂತು. ಎರಡು, 1934ರಿಂದ ಹಾಲಿವುಡ್ ಗಟ್ಟಿಯಾಗಿ ಪಾಲಿಸಿದ ಪ್ರೊಡಕ್ಷನ್ ಕೋಡ್. ಅಪರಾಧಿ ಶಿಕ್ಷೆ ತಪ್ಪಿಸಿಕೊಳ್ಳುವಂತಿರಲಿಲ್ಲ, ದೈಹಿಕ ಸಂಬಂಧವನ್ನು ತೋರಿಸುವಂತಿರಲಿಲ್ಲ. ಹೀಗಾಗಿ ಎಷ್ಟೋ ಮಾತನ್ನು ಒಂದು ಸಿಗರೇಟು, ಒಂದು ಮುಚ್ಚಿದ ಬಾಗಿಲು ಹೇಳಬೇಕಾಯಿತು. ಇಷ್ಟು ಗೊತ್ತಿದ್ದರೆ ಇಂದಿನ ಹುಡುಗ ಹುಡುಗಿಯರು ಕೊನೆಯ ದೃಶ್ಯ ನೋಡಿ ನಗುವುದಿಲ್ಲ, ಅದರ ಹಿಂದಿನ ಒತ್ತಡವನ್ನು ಓದುತ್ತಾರೆ. ಹೆಣ್ಣನ್ನು, ಕರಿಯರನ್ನು ಕೆಲವು ಚಿತ್ರಗಳು ತೋರಿಸಿದ ರೀತಿ ನೋಯಿಸುವಂಥದ್ದು. ಅದನ್ನು ಕತ್ತರಿಸದೆ, ಮುಚ್ಚಿಡದೆ ಮೊದಲೇ ಹೇಳಿ.

ಸಾಲು ಸಾಲು ಪ್ರದರ್ಶನ ಇಟ್ಟುಕೊಂಡಿದ್ದರೆ ಒಂದು ಸಂಜೆ ನಮ್ಮದೇ ಕಪ್ಪು ಬಿಳುಪು ಚಿತ್ರವನ್ನೂ ಸೇರಿಸಿ. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ‘ಡಿಟೂರ್’ ಉಳಿಸಿದ ಅದೇ ಫಿಲ್ಮ್ ಫೌಂಡೇಶನ್, ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೊತೆ ಸೇರಿ ಸರಿಪಡಿಸಿತು. ಆ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅದು ನ್ವಾರ್ ಅಲ್ಲ. ಆದರೆ ಅಗ್ರಹಾರದ ಆ ಕತ್ತಲನ್ನು ನೋಡಿದವರು ಈ ಕೆಲಸ ಯಾಕೆ ಬೇಕು ಅಂತ ಮತ್ತೆ ಕೇಳಲಿಲ್ಲ.

ಚಿತ್ರ ಮುಗಿದ ಮೇಲೆ ಲೈಟನ್ನು ನಿಧಾನವಾಗಿ ಏರಿಸಲು ಹೇಳಿ. ಕಣ್ಣು ಹೊಂದಿಕೊಳ್ಳಲಿ. ಮರುದಿನ ಬೆಳಿಗ್ಗೆ ಹಾರ್ಡ್ ಡಿಸ್ಕನ್ನು ಪೆಟ್ಟಿಗೆಗೆ ಹಾಕಿ ವಾಪಸ್ ಕಳಿಸುವ ಮುನ್ನ, ಅವತ್ತು ಪರದೆಯ ಬೆಳಕು ಎಷ್ಟಿತ್ತು, ಸಬ್‌ಟೈಟಲಿನಲ್ಲಿ ಎಲ್ಲಿ ತಡವರಿಸಿತು, ಜನ ಎಲ್ಲಿ ಮೌನವಾದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಚಿತ್ರಕ್ಕೆ ಅದನ್ನು ತೆರೆದುಕೊಂಡು ಕೂರಿ.